ಸವಣೂರಿನ ಚರ್ಚಿನಲ್ಲಿ ನಾಲಿಗೆ ತಪಾಸಣೆ

ಕ್ರಿಸ್‌ಮಸ್ ಬೆಳಿಗ್ಗೆ, ಸವಣೂರು. ಯುದ್ಧಕಾಲ, ಪೆಟ್ರೋಲಿಲ್ಲದೆ ಮೋಟಾರುಗಳು ಇದ್ದಿಲಿನಿಂದ ಓಡುತ್ತಿದ್ದವು; ಯಲವಿಗಿ ಸ್ಟೇಶನ್ನಿಗೆ ಹೋಗುವ ಮೋಟಾರಿನ ಇದ್ದಿಲೊಲೆ ಇನ್ನೂ ಕಾದಿರಲಿಲ್ಲ. ಅಷ್ಟರಲ್ಲಿ ನೋಡಿಬರೋಣವೆಂದು ಹೆಂಚಿನ ಪುಟ್ಟ ಚರ್ಚಿಗೆ ಹೋದೆ.

ಬಾಗಿಲಲ್ಲಿ ಹಾಡುವ ಗುಂಪಿನವರು ಸಾಲಾಗಿ ನಿಂತು ನಾಲಿಗೆ ಚಾಚಿದ್ದರು. ಹಾಡು ಕಲಿಸುವ ವಯಸ್ಸಾದ ಅಕ್ಕೋರು, ಶಾಲೆಯ ಮಾಸ್ತರಿಣಿ, ಒಬ್ಬೊಬ್ಬರ ನಾಲಿಗೆ ನೋಡಿ ಒಳಗೆ ಬಿಡುತ್ತಿದ್ದರು. ಡಾಕ್ಟರರೂ ಇಷ್ಟು ನಿಷ್ಠುರವಾಗಿ ನೋಡಿದ್ದನ್ನು ನಾನು ಕಂಡಿಲ್ಲ. ಎಲೆತೋಟದಲ್ಲಿ ದುಡಿಯುವ ದಾನಪ್ಪನ ನಾಲಿಗೆ ಕೆಂಪಗಿತ್ತು. ದವಡೆಯಲ್ಲಿ ಎಲೆಯಡಿಕೆ ಇನ್ನೂ ಇತ್ತು.

“ಹಿಂದ ಹೋಗಿ ಕುಂದ್ರು, ದಾನಪ್ಪ.”

“ಒಂದ ಎಲಿರಿ ಅಕ್ಕೋರ. ಸವಣೂರಾಗ ಇದ್ದು ಎಲಿ ಬಿಡೂದು ಹೆಂಗ್ರಿ?”

ಅಕ್ಕೋರು ನನ್ನತ್ತ ತಿರುಗಿದರು. “ಇಲ್ಲೆ ಅರ್ಧಾ ಮಂದಿಗೆ ಓದಾಕ ಬರೂದಿಲ್ರಿ. ಯೇಸು ಹುಟ್ಟಿದ ಕತಿ ಅವ್ರಿಗೆ ನಮ್ಮ ಹಾಡಿನಾಗ ತಿಳೀಬೇಕು. ಬಾಯಾಗ ಎಲಿ ಇದ್ರ ಮಾತು ಬಿಡಿಸಿ ಬರೂದಿಲ್ಲ.”

ಗುಂಪಿನಲ್ಲಿ ತಗ್ಗಿನ ದಪ್ಪ ದನಿ ಇದ್ದದ್ದು ದಾನಪ್ಪನೊಬ್ಬನಿಗೇ. ಅವನಿಲ್ಲದ ಮೊದಲ ಹಾಡು, ಹಾರ್ಮೋನಿಯಂ ಇದ್ದರೂ, ತಳವಿಲ್ಲದಂತೆ ಕೇಳಿಸಿತು. ಹಿಂದೆ ನನ್ನ ಪಕ್ಕ ಕುಳಿತಿದ್ದ ದಾನಪ್ಪ ಎದ್ದು ಹೊರಗೆ ಹೋದ. ಬಾಯಿ ಮುಕ್ಕಳಿಸಿದ ಸದ್ದಾಯಿತು. ಬಂದು ಮತ್ತೆ ನನ್ನ ಪಕ್ಕದಲ್ಲಿ, ಕೊನೆಯ ಸಾಲಿನಲ್ಲೇ ಕುಳಿತ.

ಎರಡನೆಯ ಹಾಡಿನ ನಡುವೆ ಅವನ ದನಿ ಎದ್ದಿತು. ಕುಳಿತಲ್ಲೇ, ಒಂದೊಂದು ಮಾತನ್ನೂ ಬಿಡಿಸಿ ಹಾಡಿದ. ಜನರೆಲ್ಲ ಹಿಂದಕ್ಕೆ ತಿರುಗಿ ನೋಡಿದರು. ನಮಗೆ ಬೆನ್ನು ಮಾಡಿ ಗುಂಪಿನ ಮುಂದೆ ನಿಂತಿದ್ದ ಅಕ್ಕೋರು ತಿರುಗಲಿಲ್ಲ. ಬಲಗೈಯಲ್ಲಿ ಗುಂಪಿಗೆ ತಾಳ ಹಾಕುತ್ತಲೇ ಎಡಗೈಯನ್ನು ಬೆನ್ನ ಹಿಂದೆ ತಂದು, ಅವನಿಗೂ ತಾಳ ಹಾಕತೊಡಗಿದರು.