ಟಾಕಿಗೆ ಹತ್ತಿದ ಇರುವೆ

ನಮ್ಮ ಮನೆಯವರಿಗೆ ಹಳೆಯ ರೇಸ್ ಬೈಕುಗಳನ್ನು ಕೂಡಿಸಿ ರಿಪೇರಿ ಮಾಡುವ ಚಟ. ರಸ್ತೆಯ ಬೈಕಲ್ಲ, ಕಂಪನಿಯವರು ಮಣ್ಣಿನ ರೇಸಿಗೆಂದೇ ಬೇರೆ ಮಾಡಿಸಿದವು. ಲೈಟಿಲ್ಲ, ಹಾರ್ನಿಲ್ಲ, ಹಿಂದೆ ಕೂಡಲು ಜಾಗವಿಲ್ಲ. ತೊಂಬತ್ತರ ದಶಕದ ಕೊನೆಗೆ ಗೋಕಾಕದ ನಮ್ಮ ಪಡಸಾಲೆಯಲ್ಲಿ ಅಂಥವು ಎರಡು ನಿಂತಿದ್ದವು. ಮೂರನೆಯದು ಮೂಡಲಗಿಯ ಗುಜರಿಯಲ್ಲಿ ಸಿಕ್ಕಿತು. ಚೌಕಟ್ಟು ಮತ್ತು ಎಂಜಿನ್ ಮಾತ್ರ, ಪಿಸ್ಟನ್ ಒಡೆದಿತ್ತು. ಅದೇ ಅಳತೆಯ ಪಿಸ್ಟನ್ನಿಗಾಗಿ ಇವರು ಕೊಲ್ಲಾಪುರ, ಪುಣೆ ಎಂದು ವರ್ಷಗಟ್ಟಲೆ ಅಲೆದು ಒಂದನ್ನು ತಂದರು.

"ಇದೂ ಹೋದ್ರ ಮತ್ತ ಸಿಗೂದಿಲ್ಲ" ಎಂದು ಅದನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದರು.

ಆ ಪಿಸ್ಟನ್ ಹಾಕಿ ಎಂಜಿನ್ ಜೋಡಿಸಿಯಾದ ಮೇಲೆ ಉಳಿದದ್ದು ಪೆಟ್ರೋಲ್ ಟಾಕಿ. ಅದು ಹುಕ್ಕೇರಿಯ ಒಂದು ಜೈನರ ಮನೆಯ ಅಟ್ಟದಲ್ಲಿದೆ ಎಂದು ಗುಜರಿಯವನೇ ಹೇಳಿದ. ಹೇಳಿ ಕಳಿಸಿ, ಇಬ್ಬರೂ ಹೋದೆವು. ಎಲ್ಲರೂ ಆಯಿ ಎನ್ನುವ ಆ ಮನೆಯ ಅಜ್ಜಿ ಟಾಕಿಯನ್ನು ಸೋಪು ಹಚ್ಚಿ ತೊಳೆದು, ಬಿಸಿಲಿಗೆ ಒಣಗಿಸಿದ್ದರು. ಇವರು ಅದನ್ನು ತಿರುವಿ ತಿರುವಿ ನೋಡಿದರು. ಪುಣ್ಯಕ್ಕೆ ಕಂಪನಿಯ ಹಳದಿ ಬಣ್ಣ ಹೋಗಿರಲಿಲ್ಲ.

"ಭಾಳ ಹೊಲಸಾಗಿತ್ತವ್ವಾ. ಮಂದಿಗಿ ಹಂಗ ಹೆಂಗ ಕೊಡೂದು?" ಎಂದರು ಆಯಿ. ನಾವು ಚಹಾ ಕುಡಿಯುವಷ್ಟರಲ್ಲಿ ಅದನ್ನು ಒಳಗೆ ಒಯ್ದು, ಮುಚ್ಚಳ ಹಾಕಿ ತಂದು ನನ್ನ ಕೈಗೇ ಕೊಟ್ಟರು.

ಬಸ್ಸಿನಲ್ಲಿ ಟಾಕಿ ನನ್ನ ತೊಡೆಯ ಮೇಲೆ. ಒಳಗೆ ಏನೋ ಸರಸರ ಎಂದಿತು.

"ತುಕ್ಕು. ನಾಳೆ ಪೆಟ್ರೋಲ್ ಹಾಕಿ ಕುಲುಕಿದ್ರ ಹೋಗತೈತಿ" ಎಂದರು ಇವರು.

ಮರುದಿನ ಮುಂಜಾನೆ ಅಂಗಳಕ್ಕೆ ನೀರು ಹೊಡೆಯಲು ಬಂದರೆ, ಕಟ್ಟೆಯ ಮೇಲಿದ್ದ ಟಾಕಿಗೆ ಇರುವೆಗಳ ಸಾಲು.

"ರೀ, ಬರ್ರಿಲ್ಲೆ. ತುಕ್ಕು ತಿನ್ನೂ ಇರವಿ ಎಂದಾದ್ರೂ ನೋಡೀರೇನು?"

ಟಾಕಿ ಬೋರಲು ಹಾಕಿ ಅಂಗೈಗೆ ಬಿದ್ದದ್ದನ್ನು ನಾಲಿಗೆಗೆ ಹಚ್ಚಿದೆ. ಸಕ್ಕರೆ.

ಇವರು ಕಟ್ಟೆಯ ಮೇಲೆ ಕೂತೇಬಿಟ್ಟರು. ಸಕ್ಕರೆ ಪೆಟ್ರೋಲಿನಲ್ಲಿ ಕರಗುವುದಿಲ್ಲವಂತೆ. ನಾಲ್ಕು ಹರಳು ಕಾರ್ಬ್ಯುರೇಟರಿನ ಸಣ್ಣ ತೂತಿಗೆ ಕೂತರೂ ಪೆಟ್ರೋಲು, ಅದರಲ್ಲಿ ಬೆರೆಸಿದ ಆಯಿಲ್ಲು ಎರಡೂ ಕಡಿಮೆಯಾಗಿ ಪಿಸ್ಟನ್ ಕಾದು, ಉಜ್ಜಿ, ಹಿಡಿದುಕೊಂಡು ಕೆಡುತ್ತದೆ. ಇದ್ದದ್ದು ಅದೊಂದೇ ಪಿಸ್ಟನ್.

"ನಮ್ಮ ಮ್ಯಾಲ ಏನ್ ಸಿಟ್ಟ ಐತಿ ಆಯಿಗಿ?"

"ಸಿಟ್ಟೆಲ್ಲಿದು? ಭಾಂಡೆ-ಪಾತ್ರಿ ಖಾಲಿ ಕೊಡಬಾರದಂತ ಒಂದ್ ಮುಟಿಗಿ ಹಾಕ್ಯಾರ. ನಾನಾದ್ರೂ ಹಾಕ್ತಿದ್ದೆ."

"ನೀನೂ? ಪೆಟ್ರೋಲ್ ಟಾಕ್ಯಾಗ?"

"ಸಕ್ಕರಿ ಇಲ್ಲಂದ್ರ ಜ್ವಾಳ."

ಇವರು ನಗಲಿಲ್ಲ. ಒಳಗೆ ತುಕ್ಕು ಹಿಡಿಯುತ್ತದೆಂದು ಟಾಕಿಗೆ ನೀರು ಮುಟ್ಟಿಸಲೂ ಒಪ್ಪಲಿಲ್ಲ. ಸಕ್ಕರೆಗೆ ನೀರೇ ಮದ್ದು ಎಂದು ನಾನೇ ಹಂಡೆಯ ಬಿಸಿನೀರು ಹುಯ್ದು ಕುಲುಕಿ ಚೆಲ್ಲಿದೆ, ಮತ್ತೆ ಹುಯ್ದೆ. ದಿನವಿಡೀ ಮಾಳಿಗೆಯ ಬಿಸಿಲಿಗಿಟ್ಟು, ರಾತ್ರಿ ಬೇಕೆಂದೇ ಅದೇ ಕಟ್ಟೆಯ ಮೇಲೆ ಬಿಟ್ಟೆವು. ಬೆಳಿಗ್ಗೆ ಒಂದೂ ಇರುವೆ ಇರಲಿಲ್ಲ. ಆಗ ಇವರು ಪೆಟ್ರೋಲಿನ ಕ್ಯಾನು ತಂದರು.

ನಾಗನೂರಿನ ಬದಿಯ ಖಾಲಿ ಹೊಲದಲ್ಲಿ ಟಾಕಿ ಬರಿದಾಗುವ ತನಕ ಬೈಕು ಓಡಿಸಿದರು. ಮನೆಗೆ ಬಂದು, ಊಟವನ್ನೂ ಮಾಡದೆ ಎಂಜಿನ್ ಬಿಚ್ಚಿ, ಪಿಸ್ಟನ್ ಒರೆಸಿ ಸುತ್ತಲೂ ಬೆರಳಾಡಿಸಿದರು. ಒಂದು ಗೆರೆಯೂ ಬಿದ್ದಿರಲಿಲ್ಲ.

"ಆಯಿಗಿ ಇದೆಲ್ಲಾ ಹೇಳಬ್ಯಾಡ ಮತ್ತ. ಮನಸ್ಸಿಗಿ ಹಚ್ಕೋತಾರ" ಎಂದು ಕೈ ತೊಳೆಯಲು ಎದ್ದರು.