ಟೋಲ್ ಇಲ್ಲದ, ಮೆಟ್ಟಿಲೂ ಇಲ್ಲದ ಸೇತುವೆ

ನನ್ನ ತೆಲುಗಿಗೆ ಇಡೀ ಆಯುಷ್ಯದಲ್ಲಿ ಒಂದೇ ಸಲ ಚಪ್ಪಾಳೆ ಬಿದ್ದಿದೆ. ಅದು ನೆನಪಾದಾಗಲೆಲ್ಲ ಬಾಲ್ಕನಿಯ ಬಾಗಿಲು ಹಾಕಿಕೊಳ್ಳುತ್ತೇನೆ. ಬಾಲ್ಕನಿಯಿಂದ ಆ ಸೇತುವೆ ಕಾಣುತ್ತದೆ.

ನಾನು ರಾಯಚೂರು ಕಡೆಯವನು. ಈಗ ತೆಲುಗು ನಾಡಿನ ನಾಚಾರಂನಲ್ಲಿ ಔಷಧದ ಡಬ್ಬಿ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ಅಂದರೆ ಸಂಬಳ ತೆಗೆದುಕೊಂಡು ಚಿಂತೆ ಮಾಡುವವನು. ಮುಚ್ಚಳ ಬಿಗಿಯಾಗಿದೆಯೇ, ಅಂಚಿನಲ್ಲಿ ಬಿರುಕಿದೆಯೇ ಎಂದು ಹಗಲೆಲ್ಲ ನೋಡುತ್ತೇನೆ. ಮನೆಗೆ ಬಂದ ಮೇಲೆ ಗ್ಯಾಸಿನ ನಳಿಕೆ, ಲಿಫ್ಟಿನ ಹಗ್ಗ, ನನ್ನ ಎದೆಬಡಿತ ಇವುಗಳ ಬಗ್ಗೆ ಬಿಟ್ಟಿಯಾಗಿ ಚಿಂತಿಸುತ್ತೇನೆ. ಈ ಊರಿನಲ್ಲಿ ಇಷ್ಟು ವರ್ಷ ಕಳೆದರೂ ಹೋಗದ ಇನ್ನೊಂದು ಚಿಂತೆಯಿದೆ: ಯಾರಾದರೂ ನನ್ನನ್ನು ಹೊರಗಿನವನು ಅಂದುಬಿಟ್ಟರೆ? ನಮ್ಮಂಥವರು ಮನೆಯೊಳಗೆ ಕನ್ನಡ, ಲಿಫ್ಟಿನಲ್ಲಿ ತೆಲುಗು, ಕೋಠಿಯ ಬಜಾರಿನಲ್ಲಿ ಹಿಂದಿ ಆಡುತ್ತೇವೆ. ಸಭೆಗಳಲ್ಲಿ ಮಾತ್ರ ಬರೀ ತಲೆಯಾಡಿಸುತ್ತೇವೆ, ಅದೂ ಎಲ್ಲರಿಗಿಂತ ಮೊದಲು.

ನಮ್ಮ ಅಪಾರ್ಟ್‌ಮೆಂಟಿನ ಮುಂದೆ ರೈಲು ಹಳಿ, ಹಳಿಗೊಂದು ಗೇಟು. ಗೇಟು ಬಿದ್ದರೆ ಕಾರು, ಲಾರಿ, ಶಾಲೆಯ ಬಸ್ಸು ಎಲ್ಲ ಒಂದಕ್ಕೊಂದು ಅಂಟಿಕೊಂಡು ಹಾರ್ನ್ ಬಡಿಯುತ್ತಿದ್ದವು. ಕೊನೆಗೆ ಗೇಟು ಮುಚ್ಚಿ ಮೇಲೆ ಸೇತುವೆ ಕಟ್ಟುವುದೆಂದಾಯಿತು. ನಕ್ಷೆಯಲ್ಲಿ ಎಲ್ಲವೂ ಇತ್ತು: ಅಗಲವಾದ ರಸ್ತೆ, ಬದಿಯಲ್ಲಿ ನಡೆಯುವ ದಾರಿ, ಹಳೆಯ ಗೇಟಿನ ಎರಡೂ ಕಡೆ ಹತ್ತಿ ಇಳಿಯಲು ಮೆಟ್ಟಿಲು. ಇಲ್ಲದ್ದು ದುಡ್ಡು. ಕಟ್ಟುವವರು ತಮ್ಮ ಹಣ ಹಾಕಿ ಕೆಲವು ವರ್ಷ ಟೋಲ್ ವಸೂಲಿ ಮಾಡಲಿ ಎಂದಿತು ಒಂದು ಪಕ್ಷ. ನಮ್ಮದೇ ಬೀದಿ ದಾಟಲು ನಾವೇ ದುಡ್ಡು ಕೊಡಬೇಕೇ ಎಂದಿತು ಇನ್ನೊಂದು. ಚಹಾದಂಗಡಿಯಿಂದ ಕ್ಷೌರದಂಗಡಿಯವರೆಗೆ ಇದೇ ಜಗಳ. ನಾನು ಎರಡೂ ಕಡೆ ತಲೆಯಾಡಿಸಿಕೊಂಡು ಬಂದೆ.

ಆಮೇಲೆ ಫಂಕ್ಷನ್ ಹಾಲಿನಲ್ಲಿ ಸಭೆ ಕರೆದರು. ಅಪಾರ್ಟ್‌ಮೆಂಟ್ ಸಂಘಕ್ಕೆ ಕಾರ್ಯದರ್ಶಿಯಾಗಲು ಬೇರೆ ಯಾರೂ ಒಪ್ಪದ ಕಾರಣ ನಾನು ಕಾರ್ಯದರ್ಶಿಯಾಗಿದ್ದೆ. ಹಾಗಾಗಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಬಿಳಿ ಅಂಗಿಯ ಮುಖಂಡರೊಬ್ಬರು ಮೈಕ್ ಹಿಡಿದು, "ಖರ್ಚು ಇಳಿದರೆ ಟೋಲ್ ಇಲ್ಲ. ಯಾವುದನ್ನು ಬಿಡಬಹುದು, ನೀವೇ ಹೇಳಿ" ಎಂದರು. ಮೈಕ್ ನನ್ನ ಕಡೆ ಬಂತು. ಸುಮ್ಮನೆ ಪಕ್ಕದವರಿಗೆ ದಾಟಿಸಬಹುದಿತ್ತು. ಆದರೆ ಒಂದು ಸಲವಾದರೂ ಈ ಊರಿಗೆ ಉಪಯೋಗಕ್ಕೆ ಬರಬೇಕೆಂಬ ಆಸೆ ಆ ಕ್ಷಣದಲ್ಲೇ ಹುಟ್ಟಬೇಕೇ?

"ಮೆಟ್ಲು ಎವರು ಎಕ್ಕುತಾರು ಸಾರ್?" ಅಂದೆ. ಮೆಟ್ಟಿಲು ಯಾರು ಹತ್ತುತ್ತಾರೆ, ಈಗ ಎಲ್ಲರ ಬಳಿಯೂ ಗಾಡಿ ಇದೆ, ಮೆಟ್ಟಿಲೂ ನಡೆಯುವ ದಾರಿಯೂ ಬಿಟ್ಟರೆ ಆಯಿತಲ್ಲ ಎಂದು ಪೂರ್ತಿ ತೆಲುಗಿನಲ್ಲಿ, ಒಂದೂ ತಪ್ಪಿಲ್ಲದೆ ಹೇಳಿದೆ. ಹಾಲ್ ಚಪ್ಪಾಳೆಯಿಂದ ತುಂಬಿತು. ಮುಖಂಡರು ತಮ್ಮ ಕೊರಳಿನ ಶಾಲನ್ನೇ ತೆಗೆದು ನನಗೆ ಹೊದಿಸಿದರು. ಮನೆಗೆ ಹೋಗುವಾಗ ನಾನು ಮೂರನೇ ಮಹಡಿಗೆ ಲಿಫ್ಟಿನಲ್ಲಿ ಹೋದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಎಂದಿನಂತೆ ಇತ್ತು. ಜೋಳದ ರೊಟ್ಟಿಯಿಲ್ಲದೆ ನಮಗೆ ಊಟವಿಲ್ಲ. ಹೆಂಡತಿಯ ಮಣಿಕಟ್ಟು ನೋಯತೊಡಗಿದ ಮೇಲೆ ನಮ್ಮ ಕಡೆಯ ಹೆಂಗಸೊಬ್ಬಳು ಬಂದು ಬಡಿದುಕೊಟ್ಟು ಹೋಗುತ್ತಾಳೆ. ಹಳಿಯ ಆಚೆ ಮನೆ, ಈಚೆ ನಾಲ್ಕಾರು ಮನೆಗಳ ಕೆಲಸ. ಬರುವಾಗ ಜೊತೆಗೆ ಹೊಲಿಗೆ ಕಾರ್ಖಾನೆಗೆ ಹೋಗುವ ನಮ್ಮ ಕಡೆಯ ಹೆಂಗಸರ ಗುಂಪು. ಎಲ್ಲರೂ ನಡೆದೇ ಗೇಟು ದಾಟುವವರು. ಇದು ನನಗೆ ಗೊತ್ತಿತ್ತು. ಮೈಕ್ ಕೈಯಲ್ಲಿದ್ದಾಗ ಮಾತ್ರ ನೆನಪಾಗಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಾ ಹೇಳಿದಳು:

"ನಿನ್ನಿ ನಿಮ್ಮ ಭಾಷಣ ಕೇಳಿದ್ನಿರಿ ಸಾಹೇಬ್ರ. ಹಾಲ್‌ನ್ಯಾಗಿನ ಮೈಕ್ ನಮ್ಮ ಓಣಿತನಾ ಕೇಳತೈತಿ. ತೆಲುಗು ಭಾಳ ಛಲೋ ಮಾತಾಡಿದ್ರಿ."

ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬೈದಿದ್ದರೆ ನಾನೂ ಏನಾದರೂ ವಾದ ಹೂಡಬಹುದಿತ್ತು. ನೀರು ಕುಡಿಯದೆ ಈಚೆ ಬಂದೆ.

ಸೇತುವೆ ಎದ್ದಿತು, ಉದ್ಘಾಟನೆಯಾಯಿತು, ಟೋಲ್ ಇಲ್ಲವೆಂದು ಪಟಾಕಿ ಹೊಡೆದರು. ಗೇಟಿದ್ದ ಜಾಗಕ್ಕೆ ಗೋಡೆ ಬಂತು. ಸೇತುವೆಯ ಮೇಲೆ ನಡೆದು ಹೋಗುವುದೆಂದರೆ ದೂರದ ಸುತ್ತು, ಮೈಗೆ ಸವರಿಕೊಂಡು ಹೋಗುವ ಲಾರಿಗಳು. ಸ್ವಲ್ಪ ದಿನದಲ್ಲೇ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಕಿಂಡಿ ಬಿತ್ತು. ಅಲ್ಲಿಂದ ಹೆಂಗಸರು ಹಳಿ ದಾಟತೊಡಗಿದರು. ಮುಂಚೆ ರೈಲು ಬರುವಾಗ ಗೇಟು ಬೀಳುತ್ತಿತ್ತು, ಗಂಟೆ ಹೊಡೆಯುತ್ತಿತ್ತು. ಈಗ ಅದ್ಯಾವುದೂ ಇಲ್ಲ. ಹಳಿ ಅಲ್ಲೇ ಬಾಗಿ ತಿರುಗುವುದರಿಂದ ರೈಲು ಹತ್ತಿರ ಬರುವತನಕ ಕಾಣುವುದೂ ಇಲ್ಲ.

ಅಂದಿನಿಂದ ನನ್ನ ಬೆಳಗು ರೊಟ್ಟಿಯ ಸದ್ದಿನಿಂದ ಶುರುವಾಗತೊಡಗಿತು. ಸದ್ದು ಕೇಳಿದರೆ ನೆಮ್ಮದಿಯ ಉಸಿರು. ತಡವಾದರೆ ಪೇಪರಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಾ ಕೂರುತ್ತಿದ್ದೆ.

"ಆಕಿನ್ನ ನಾನು ಸ್ಕೂಟರ್ ಮ್ಯಾಲ ಕರ್ಕೊಂಡು ಬರ್ತೀನಿ" ಎಂದೆ ಒಂದು ದಿನ. ಹೆಂಡತಿ ಹುಬ್ಬೇರಿಸಿದಳು, ಆದರೆ ಬೇಡವೆನ್ನಲಿಲ್ಲ. ಒಂದು ವಾರ ರೊಟ್ಟಿಯವಳು ಹಿಂದೆ ಕೂತು, ಸೆರಗು ಬಿಗಿಹಿಡಿದು ಸೇತುವೆ ದಾಟಿದಳು. ಆಮೇಲೆ ಒಲ್ಲೆ ಎಂದಳು.

"ಯಾಕ?"

"ಉಳಿದೋರು ನಗ್ತಾರ್‍ರಿ. ರಾಣಿ ಬಂದ್ಳು, ದಾರಿ ಬಿಡ್ರಿ ಅಂತಾರ. ಅವ್ರನ್ನ ಹಳಿ ಮ್ಯಾಲ ಬಿಟ್ಟು ನಾ ಒಬ್ಬಾಕಿ ಗಾಡಿ ಏರಿದ್ರ ಹೆಂಗ್ರಿ? ಎಲ್ಲಾರ್‍ನೂ ಕೂಡಿಸ್ತೀರೇನು ನಿಮ್ಮ ಸ್ಕೂಟರ್ ಮ್ಯಾಲ?"

ಮತ್ತೊಂದು ಸಭೆ ನಡೆದಾಗ ನಾನು ಕರೆಯದೆಯೇ ಹೋದೆ. ಈ ಸಲದ ವಿಷಯ ಚರಂಡಿ. ಕೈಯೆತ್ತಿ ಮೈಕ್ ಕೇಳಿದೆ. ಮುಖಂಡರು ಗುರುತು ಹಿಡಿದು ನಕ್ಕರು. "ಆವತ್ತು ನಾನು ಹೇಳಿದ್ದು ತಪ್ಪು, ಮೆಟ್ಟಿಲು ಬೇಕು" ಎಂದೆ. ತೆಲುಗು ಈ ಸಲ ಕೈಕೊಟ್ಟಿತು. ನಡುವೆ ಹಿಂದಿ ನುಗ್ಗಿತು, ಕನ್ನಡವೂ ಇಣುಕಿತು.

"ಮೆಟ್ಟಿಲು ಹಾಕೋಣ ಸಾರ್. ಆದರೆ ಟೋಲ್ ಹಾಕಬೇಕಾಗುತ್ತದೆ. ಪರವಾಗಿಲ್ಲವೇ?" ಎಂದು ಅವರು ಹಾಲಿಗೆಲ್ಲ ಕೇಳುವಂತೆ ಕೇಳಿದರು.

ಟೋಲ್ ಹಾಕದೆ ಬೇರೆ ದಾರಿಯಿದೆಯೇ ಎಂದು ತಿರುಗಿ ಕೇಳಬೇಕಿತ್ತು. ಆ ಪ್ರಶ್ನೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು. ಸಭೆಯಲ್ಲಿ ನಾನು ಹೇಳಿದ್ದು, "ಹಾಕಿ ಸಾರ್."

ಹಾಲ್ ಎದ್ದು ನಿಂತಿತು. ನಮ್ಮ ಕೆಳಗಿನ ಮನೆಯವರೇ ಕುರ್ಚಿಯಿಂದೆದ್ದು ಕೂಗಿದರು: "ಅರೆ ಭಾಯ್, ಅಪ್ನೀ ಜೇಬ್ ಸೇ ದೇ ದೋ ನಾ!" ನಿಮ್ಮ ಜೇಬಿನಿಂದಲೇ ಕೊಡಿ, ನಮ್ಮ ಮೇಲೆ ಯಾಕೆ, ಎಂದು. ಹಿಂದಿನಿಂದ ಯಾರೋ, "ಆಯನದಿ ಕರ್ನಾಟಕ ಲೆಂಡಿ" ಎಂದರು. ಅವನು ಕರ್ನಾಟಕದವನು, ಬಿಡಿ, ಎಂದು. ಇಷ್ಟು ವರ್ಷ ಹೆದರಿಕೊಂಡಿದ್ದ ಮಾತು ಕೊನೆಗೂ ಬಂತು. ವಿಚಿತ್ರವೆಂದರೆ ಅಷ್ಟೇನೂ ನೋಯಲಿಲ್ಲ. ಮುಖಂಡರು "ಪರಿಶೀಲಿಸೋಣ" ಎಂದು ಚರಂಡಿಗೆ ಹೋದರು. ಸಂಘ ಮುಂದಿನ ಭಾನುವಾರವೇ ಹೊಸ ಕಾರ್ಯದರ್ಶಿಯನ್ನು ಹುಡುಕಿಕೊಂಡಿತು.

ಬೈಸಿಕೊಂಡು ಬಂದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಅಡುಗೆಮನೆಯಲ್ಲಿ ರೊಟ್ಟಿಯವಳಿಗೆ ಎಲ್ಲವನ್ನೂ ಹೇಳಿದೆ, ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಟೋಲ್ ಹಾಕ್ರಿ ಅಂದ್ರೇನು? ನಮ್ಮ ಯಜಮಾನ್ರು ಆಟೋ ಹೊಡೀತಾರ್‍ರಿ. ದಿನಾ ಎಷ್ಟು ಸಲ ಅದರ ಮ್ಯಾಲ ಹೋಗ್ತಾರ!"

"ಅಲ್ಲ, ಮೆಟ್ಟಿಲ ಸಲುವಾಗಿ..."

"ಮೊದ್ಲ ಮೆಟ್ಟಿಲಾ ತಗಿಸಿದ್ರಿ, ಈಗ ಟೋಲ್ ಹಾಕಸ್ತೀರಿ. ಸಾಹೇಬ್ರ, ನಿಮಗ ಕೈ ಮುಗೀತೀನಿ, ಇನ್ನ ಆ ಮೈಕ್ ಹಿಡೀಬ್ಯಾಡ್ರಿ."

ಹೆಂಡತಿ ಹೊರಗಿನ ಕೋಣೆಯಲ್ಲಿ ಕೂತು ನಗುತ್ತಿದ್ದಳು. ನನಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಟೋಲ್ ಬರಲಿಲ್ಲ. ಮೆಟ್ಟಿಲೂ ಬರಲಿಲ್ಲ. ಕಿಂಡಿ ಮಾತ್ರ ಸವೆದು ಅಗಲವಾಗಿದೆ.

ಈಗ ಬೆಳಿಗ್ಗೆ ಆ ಹೆಂಗಸರು ಬರುವ ಹೊತ್ತಿಗೆ ನಾನೇ ಕೆಳಗಿಳಿದು ಕಿಂಡಿಯ ಬಳಿ ನಿಲ್ಲುತ್ತೇನೆ. ಹಳಿ ತಿರುಗುವ ಕಡೆ ಕಣ್ಣು, ಕಿವಿ ಎರಡೂ ಇಟ್ಟುಕೊಂಡಿರುತ್ತೇನೆ. ಮೊದಮೊದಲು ಹೆಂಗಸರು, "ಗೇಟ್‌ಮ್ಯಾನ್ ಬಂದಾರ, ಹಸಿರು ಬಾವುಟ ಎಲ್ಲೈತ್ರಿ?" ಎಂದು ಕಾಡಿದರು. ನಾನು ಪ್ರತಿ ಲಾರಿಯ ಸದ್ದಿಗೂ "ನಿಲ್ರಿ, ನಿಲ್ರಿ" ಎನ್ನುತ್ತಿದ್ದುದರಿಂದ ಒಂದೆರಡು ಸಲ ಅವರಿಗೆ ಕಾರ್ಖಾನೆಗೆ ತಡವಾಗಿ ಮೇಲ್ವಿಚಾರಕನಿಂದ ಬೈಗುಳವೂ ಬಿತ್ತು. ಅದೂ ನನ್ನ ಲೆಕ್ಕಕ್ಕೇ.

ಇವತ್ತು ಸ್ವಲ್ಪ ಮಂಜಿತ್ತು. ಅವರು ಆಚೆ ಬದಿಯಲ್ಲಿ ಗುಂಪಾಗಿ ನಿಂತರು, ಕೈಯಲ್ಲಿ ಊಟದ ಡಬ್ಬಿಗಳು. ನಮ್ಮ ರೊಟ್ಟಿಯವಳು ಮುಂದೆ ಬಂದು ಹಳಿಯಂಚಿನಲ್ಲಿ ನಿಂತು ಕೂಗಿದಳು:

"ಸಾಹೇಬ್ರ, ಬರ್ಲೇನ್ರಿ, ಬ್ಯಾಡೇನ್ರಿ?"

ಎಡಕ್ಕೆ ನೋಡಿದೆ. ಬಲಕ್ಕೆ ನೋಡಿದೆ. ಮತ್ತೆ ಎಡಕ್ಕೆ ನೋಡಿದೆ. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಬರ್ರಿ ಎನ್ನುವ ಬದಲು ಮತ್ತೊಮ್ಮೆ ಬಲಕ್ಕೆ ನೋಡಿದೆ. ನಾನು ಹೇಳಿ, ಅವರು ಬಂದು, ಆಮೇಲೆ...

ಅವಳು ಒಂದು ಗಳಿಗೆ ಕಾದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನನ್ನ ಕಡೆ ನೋಡದೆ ಹಳಿಯ ಮೇಲೆ ಕಾಲಿಟ್ಟಳು. ಉಳಿದವರು ಅವಳ ಹಿಂದೆ ಬಂದರು.