ತೌಡಿಗೆ ಮಾರಿದ ಕೂಸು

ನಿಮ್ಮ ಅವ್ವನ ಮೂಗಿನ ಬಲಗಡೆ ಒಂದು ಹಳೆಯ ತೂತಿನ ಗುರುತಿದೆ. ಅದು ಯಾಕೆ ಎಂದು ನೀವು ಹೋದ ಸಲ ಬಂದಾಗ ಕೇಳಿದಿರಿ. ಎದುರು ಕೂತು ಹೇಳುವುದು ನನ್ನಿಂದಾಗಲಿಲ್ಲ. ನನಗೆ ಬಂದಷ್ಟು ಅಕ್ಷರದಲ್ಲಿ ಬರೆಯುತ್ತೇನೆ.

ನಿಮ್ಮ ಅವ್ವನಿಗಿಂತ ಮೊದಲು ನನಗೊಬ್ಬ ಮಗ ಹುಟ್ಟಿದ್ದ. ಅಥಣಿ ಕಡೆಯ ನಮ್ಮ ಊರಲ್ಲಿ ಕಬ್ಬು ಹೆಚ್ಚಾಗುತ್ತಿದ್ದ ಕಾಲ ಅದು. ಹೊಲದ ಬದುವಿನ ಬೇವಿನ ಮರಕ್ಕೆ ಸೀರೆ ಕಟ್ಟಿ, ಅದರಲ್ಲಿ ಅವನನ್ನು ಮಲಗಿಸಿ ಕಳೆ ತೆಗೆಯುತ್ತಿದ್ದೆ. ಒಂದು ದಿನ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ಇಷ್ಟು ಚೆಂದದ ಕೂಸು ಯಾರದು ಎಂದು ಕೇಳಿದಳು. ನಾನು ಹಿಗ್ಗಿ, "ನಂದ್ರಿ" ಎಂದೆ. ಸಂಜೆಗೆ ಅವನ ಮೈ ಸುಡತೊಡಗಿತು. ಮರುದಿನ ಎತ್ತಿನ ಚಕ್ಕಡಿಯಲ್ಲಿ ಅಥಣಿಗೆ ಒಯ್ಯುವಾಗ ನನ್ನ ತೊಡೆಯ ಮೇಲೆಯೇ ಹೋದ.

ಆಗಲೇ ನಿಮ್ಮ ಅವ್ವ ಹೊಟ್ಟೆಯಲ್ಲಿದ್ದಳು. ಅತ್ತರೆ ಒಳಗಿನ ಕೂಸಿಗೂ ತಾಗುತ್ತದೆ ಎಂದು ಅತ್ತೆ ನನ್ನ ಬಾಯಿಗೆ ಸೆರಗು ಒತ್ತಿದರು. ನಾನು ಅಳಲಿಲ್ಲ. ಅವನ ಅಂಗಿ, ಕುಂಚಿಗೆ ಎಲ್ಲವನ್ನೂ ಯಾರೋ ಒಯ್ದರು. ಅವನ ಹೆಸರನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಒಂದು ಕೂಸು ಹೋದ ಮನೆಯಲ್ಲಿ ಮುಂದಿನದನ್ನು ಮಾರುವ ಪದ್ಧತಿ ನಮ್ಮ ಕಡೆ ಇತ್ತು. ನಿಮ್ಮ ಅವ್ವನನ್ನು ತಿಪ್ಪೆಯ ಮೇಲೆ ಉರುಳಿಸಿ, ಮೊರದಲ್ಲಿ ಮಲಗಿಸಿ, ಕುರಿ ಕಾಯುವವರ ಮನೆಯ ಮುದುಕಿಯ ಮುಂದೆ ಇಟ್ಟರು. ಆ ಮುದುಕಿ ಹೆತ್ತ ಮಕ್ಕಳೆಲ್ಲ ಉಳಿದಿದ್ದವು. ಅವಳು ಒಂದು ಬೊಗಸೆ ತೌಡು ಕೊಟ್ಟು ಕೂಸನ್ನು ಕೊಂಡಳು, ಮಾರಿದ ಗುರುತಿಗೆ ಬಲಮೂಗು ಚುಚ್ಚಿಸಿದಳು, ಸಾಕಲು ನನ್ನ ಕೈಗೇ ಕೊಟ್ಟಳು. ಸಾವು ಬಂದು ಕೇಳಿದರೆ ಈ ಮನೆಯಲ್ಲಿ ಕೂಸೇ ಇಲ್ಲ ಎನ್ನಬೇಕು. ಹಾಲುಹಲ್ಲು ಬಿದ್ದ ಮೇಲೆ ತಾಯಿ ಹೋಗಿ ಅದನ್ನು ಬಿಡಿಸಿಕೊಂಡು ಬರಬೇಕು.

ಹಾಲುಹಲ್ಲು ಬಿದ್ದವು. ನಾನು ಹೋಗಲಿಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ಬಿಡಿಸಿಕೊಂಡು ಬಾ ಎಂದು ಎಷ್ಟೋ ಸಲ ಹೇಳಿದರು. ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದೆ. ಯಾರಾದರೂ ಕೇಳಿದರೆ ಕುರಿಯವರ ಹುಡುಗಿ ಎನ್ನುತ್ತಿದ್ದೆ. ತಲೆ ಬಾಚುವಾಗ ಹಿಂದೆ ಕೂತು ಬಾಚುತ್ತಿದ್ದೆ, ಮುಖ ಕಾಣಬಾರದೆಂದು. ಅವಳು ಓಡಿ ಬಂದು ಕೊರಳಿಗೆ ಬಿದ್ದರೆ ನನ್ನ ಮೈ ತಣ್ಣಗಾಗುತ್ತಿತ್ತು. ಕಬ್ಬಿನ ಗರಿ ಸಪ್ಪಳ ಮಾಡಿದರೂ ಯಾರೋ ನಿಂತು ನೋಡುತ್ತಿದ್ದಾರೆ ಅನಿಸುತ್ತಿತ್ತು. ಇದನ್ನೆಲ್ಲ ನಾನು ಜೋಪಾನ ಎಂದುಕೊಂಡಿದ್ದೆ.

ಅವಳು ಸಾಲಿಗೆ ಹೋಗತೊಡಗಿದಳು. ಅಲ್ಲಿ ಹುಡುಗರು ತೌಡಿಗೆ ಬಂದಾಕಿ ಎಂದು ಕಾಡಿಸುತ್ತಿದ್ದರಂತೆ. ಮನೆಗೆ ಬಂದು ಒಂದು ಮಾತೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನನಗೆ ಹಗುರವೇ ಆಯಿತು.

ದೀಪಾವಳಿ ಮುಗಿದ ಮೇಲೆ ಕುರಿಯವರು ಹಿಂಡು ಹೊಡೆದುಕೊಂಡು ಕೃಷ್ಣೆ ದಾಟಿ ರಾಯಬಾಗದ ಕಡೆ ಹೋಗುವುದು ವಾಡಿಕೆ. ಅವರು ಹೊರಟ ದಿನ ಬೆಳಿಗ್ಗೆ ನಿಮ್ಮ ಅವ್ವ ಮನೆಯಲ್ಲಿರಲಿಲ್ಲ. ಸಾಲಿಯಲ್ಲೂ ಇರಲಿಲ್ಲ. ಆಳೆತ್ತರ ಬೆಳೆದ ಕಬ್ಬಿನ ನಡುವೆ ಕೂಗುತ್ತ ಹೋದೆ. ಕೂಗು ಅಲ್ಲೇ ಹೂತುಹೋಗುತ್ತಿತ್ತು. ಬಾವಿಗೆ ಬಂದು ಬಗ್ಗಿದೆ. ಮಳೆಗಾಲದ ನೀರು ಇನ್ನೂ ಮೇಲೆಯೇ ಇತ್ತು, ಅಲುಗದೆ ಕರ್ರಗೆ ನಿಂತಿತ್ತು. ಅದರಲ್ಲಿ ನನ್ನ ಮುಖ ಕಂಡಿತು. ಆ ಮುಖದಲ್ಲಿ ಗಾಬರಿ ಇರಲಿಲ್ಲ ಮಕ್ಕಳೇ. ಇಷ್ಟು ವರ್ಷ ಇದಕ್ಕೇ ಕಾದು ಕೂತವಳ ಮುಖ ಅದು. ಮಗ ಹೋದ ದಿನ ನಾನು ಆ ಚಕ್ಕಡಿಯಿಂದ ಇಳಿದೇ ಇಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಅಷ್ಟರಲ್ಲಿ ದಾರಿಯಲ್ಲಿ ಬಂದವರೊಬ್ಬರು, ಹುಡುಗಿ ಕುರಿಗಳ ಹಿಂದೆ ಹೋಗುತ್ತಿದ್ದಾಳೆ ಎಂದರು. ಓಡಿದೆ. ಹೊಳೆಯ ದಂಡೆಯಲ್ಲಿ ಹಿಂಡು ನಿಂತಿತ್ತು. ನಿಮ್ಮ ಅವ್ವ ಸಾಲಿಯ ಪಾಟಿಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುದುಕಿಯ ಪಕ್ಕ ಕೂತಿದ್ದಳು.

"ನಾ ಹೋಗಂತ ಹೇಳೀನವ್ವಾ, ಕೇಳವಲ್ಲಳು," ಎಂದಳು ಮುದುಕಿ. "ನನ್ನ ತಗೊಂಡಾಕಿ ನೀನ, ನಿನ್ನ ಸಂಗಾಟನ ಬರ್ತೀನಿ ಅಂತಾಳ."

ನಾನು ಮನೆಗೆ ನಡಿ ಎಂದೆ.

"ಯಾರ ಮನಿಗೆ?" ಎಂದಳು ನಿಮ್ಮ ಅವ್ವ. ಸಿಟ್ಟಿಲ್ಲ, ಅಳು ಇಲ್ಲ. ಗೊತ್ತಿಲ್ಲದ್ದಕ್ಕೇ ಕೇಳಿದಳು.

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಮುದುಕಿ ನಕ್ಕಳು. "ಕುರಿ ನೋಡ, ಇಷ್ಟ ಮರಿಯೊಳಗ ತನ್ನದ ಯಾವದಂತ ಮೂಸಿ ಹಿಡೀತೈತಿ. ನಿನಗ ಬಾಯಿ ಐತಿ, ಮಾತ ಬರವಲ್ದಲ್ಲ ಬೇ."

ಕಳ್ಳತನ ಮಾಡುವವಳ ಹಾಗೆ ಸುತ್ತ ನೋಡಿ, ನನ್ನ ಮಗಳು ಎಂದೆ. ಜೋರಾಗಿ ಅನ್ನು ಎಂದಳು ಮುದುಕಿ. ಅಂದೆ. ಬಿಡಿಸಿಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ. ಸೊಂಟದಲ್ಲಿದ್ದ ಎಲೆಅಡಿಕೆಯ ಚೀಲ ಕೊಟ್ಟೆ. ಅವಳು ಅಲ್ಲೇ ಒಂದು ಎಲೆ ಮಡಚಿ ಬಾಯಿಗೆ ಹಾಕಿಕೊಂಡಳು.

ಮರುದಿನ ಮಧ್ಯಾಹ್ನ ನಿಮ್ಮ ಅವ್ವನಿಗೆ ಜ್ವರ ಬಂತು.

ಬಿಸಿಲಲ್ಲಿ ಅಷ್ಟು ದೂರ ನಡೆದಿದ್ದಾಳೆ, ಅದಕ್ಕೇ ಎಂದು ಹೇಳಿ ನಿಮ್ಮ ಮುತ್ಯಾ ಡಾಕ್ಟರನ್ನು ಕರೆಯಲು ಸೈಕಲ್ ಹತ್ತಿದರು. ನಾನೊಬ್ಬಳೇ ಉಳಿದೆ. ಆ ಮಾತು ಅಂದದ್ದಕ್ಕೇ ಬಂತು ಎಂದು ತಲೆಯಲ್ಲಿ ಒಂದೇ ಸಮ ಬಡಿಯುತ್ತಿತ್ತು. ಹಿಂಡು ಇನ್ನೂ ಹೊಳೆ ದಾಟಿರಲಿಕ್ಕಿಲ್ಲ, ಓಡಿದರೆ ಮುದುಕಿ ಸಿಗುತ್ತಾಳೆ. ಗೋಡೆಯ ಮೊರ ತೆಗೆದೆ. ಅದರ ಸಪ್ಪಳಕ್ಕೆ ಅವಳು ಕಣ್ಣು ಬಿಟ್ಟಳು.

"ಮತ್ತ ಮಾರ್ತಿ ಏನ್ ಬೇ?"

ಮೊರ ಕೆಳಗಿಟ್ಟು, ಅವಳ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಅದೇ ಭಾರ, ಅದೇ ಬಿಸಿ. ಎದ್ದು ಓಡಬೇಕು ಅನಿಸಿತು. ಓಡಲಿಲ್ಲ. ನಿನಗೊಬ್ಬ ಅಣ್ಣ ಇದ್ದ ಎಂದು ಶುರು ಮಾಡಿದೆ. ಅವನ ಹಣೆಯ ಮೇಲಿನ ಸುಳಿ, ಕಾಗೆ ಕಂಡರೆ ಅವನು ನಗುತ್ತಿದ್ದದ್ದು, ಆ ಚಕ್ಕಡಿ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ. ಅಷ್ಟು ವರ್ಷದ ಅಳು, ನಿಲ್ಲಿಸಲು ಬರಲಿಲ್ಲ. ಅವಳು ಅವನ ಹೆಸರು ಕೇಳಿದಳು. ಹೇಳಿದೆ. ಒಣಗಿದ ತುಟಿಯಲ್ಲಿ ಅದನ್ನು ಒಮ್ಮೆ ಅಂದು ನೋಡಿದಳು.

ಜ್ವರ ಇಳಿಯಲು ಕೆಲವು ದಿನ ಹಿಡಿಯಿತು. ನನ್ನ ಹೆದರಿಕೆ ಅದರೊಂದಿಗೆ ಹೋಗಲಿಲ್ಲ. ಯಾರಾದರೂ ಅವಳನ್ನು ದಿಟ್ಟಿಸಿದರೆ ನಡುವೆ ಹೋಗಿ ನಿಲ್ಲುತ್ತಿದ್ದೆ. ಆದರೂ ಅವಳು ಉಣ್ಣಲು ಕೂತಾಗ ಎದುರಿಗೇ ಕೂರತೊಡಗಿದೆ. ಮೊದಮೊದಲು ಒಂದು ತುತ್ತಿನಷ್ಟು ಹೊತ್ತು ಅವಳ ಮುಖ ನೋಡಿ ಕಣ್ಣು ಕೆಳಗೆ ಮಾಡುತ್ತಿದ್ದೆ. ಚಳಿ ಕಳೆಯುವ ಹೊತ್ತಿಗೆ ರೊಟ್ಟಿ ಮುಗಿಯುವತನಕ ನೋಡಲು ಬಂತು.

"ಏನ್ ನೋಡಾಕತ್ತೀ ಬೇ, ಪಲ್ಯಾ ಹಾಕ," ಎಂದಳು ಒಂದು ದಿನ.

ಹಾಕಿದೆ.